ಒಂದು ಹನಿ ಹೆಚ್ಚು

ಮಾರ್ಚ್ ೯

ಪುಟ್ಟಿ,

ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ಮುಂದಿನದು ನಿಜ.

ನನ್ನ ತಂಗಿ ತನ್ನ ಮನೆಯ ಮಹಡಿಯ ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ಕಿಟಕಿ ತೆಗೆದರೆ ಎದುರಿಗೇ ಪೆಟ್ರೋಲ್ ಬಂಕ್. ಜನ ಬರುತ್ತಾರೆ, ತುಂಬಿಸಿಕೊಳ್ಳುತ್ತಾರೆ, ಹೋಗುತ್ತಾರೆ. ಮೂವತ್ತು ವರ್ಷ ರಿಫೈನರಿಯಲ್ಲಿ ಪೆಟ್ರೋಲ್ ಮಾಡಿದವನು ನಾನು, ಅದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಕೂತು ನೋಡುತ್ತಿರುವುದು ಈಗಲೇ. ಒಬ್ಬನ ಮುಖದಲ್ಲೂ ಕೃತಜ್ಞತೆ ಇಲ್ಲ.

ಫೋನ್ ಮಾಡಿ ಎಂದು ಬರೆದಿದ್ದೀಯ. ಕಂಪ್ರೆಸರ್ ಪಕ್ಕದಲ್ಲಿ ಸವೆದ ಕಿವಿಗೆ ಫೋನಿನಲ್ಲಿ ಸೊಳ್ಳೆಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅದೂ ಅಲ್ಲದೆ ನಿನ್ನ ಗಂಡ ಪಕ್ಕದಲ್ಲೇ ಇರುತ್ತಾನೆ. ಕಾಗದವೇ ಸರಿ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹೆಂಗಸರಿಗೆ ಗಾದೆ ಮಾಡಿಟ್ಟಿದ್ದಾರೆ, ಮಾವಂದಿರಿಗೆ ಏನೂ ಇಲ್ಲ. ನಾನು ನಿವೃತ್ತನಾದ ತಿಂಗಳೇ ಕಂಪನಿಯ ಮನೆ ಬಿಡಬೇಕಾಯಿತು. ನನ್ನ ಜಾಗಕ್ಕೆ ಬಂದವನಿಗೆ ಆ ಮನೆ. ಬಂದವನು ಯಾರು? ನನ್ನ ಕೈಕೆಳಗೆ ವಾಲ್ವ್ ತಿರುಗಿಸಲು ಕಲಿತವನು, ನನ್ನ ಮಗಳನ್ನೇ ಮದುವೆಯಾದವನು. ನಾನು ಬಿಟ್ಟ ಮನೆ, ನಾನು ಬಿಟ್ಟ ಕುರ್ಚಿ, ನಾನು ಬಿಟ್ಟ ಯೂನಿಟ್, ನಾನು ಸಾಕಿದ ಮಗಳು, ಎಲ್ಲವೂ ಒಬ್ಬನ ಪಾಲಿಗೆ. ಲಾಟರಿ ಹೊಡೆದವನಿಗೂ ಇಷ್ಟು ಸಿಗುವುದಿಲ್ಲ.

ನಿನ್ನೆ ನಿನ್ನ ಅತ್ತೆ ಕಿವಿಯ ಹತ್ತಿರ ಬಂದು ಕೂಗಿದಳು, "ಅಲ್ಲಣ್ಣ, ಅಷ್ಟು ವರ್ಷ ಅಲ್ಲಿ ಏನ್ ಮಾಡ್ತಿದ್ದೆ ನೀನು?" ಈ ಪ್ರಶ್ನೆಗೇ ಕಾದಿದ್ದವನ ಹಾಗೆ ಹೇಳಿದೆ. ನಾಫ್ತಾ ಎಂಬ ಬಡಪಾಯಿ ಎಣ್ಣೆ ಬರುತ್ತದೆ. ಹಾಗೇ ಗಾಡಿಗೆ ಹಾಕಿದರೆ ಎಂಜಿನ್ ಟಕಟಕ ಎಂದು ಬಡಿದುಕೊಳ್ಳುತ್ತದೆ. ಅದನ್ನು ಕಾಯಿಸಿ ಆವಿ ಮಾಡಿ, ರಿಯಾಕ್ಟರುಗಳಲ್ಲಿ ತುಂಬಿಟ್ಟ ಕಾಳಿನಂಥ ಗುಳಿಗೆಗಳ ನಡುವೆ ಹಾಯಿಸಿದರೆ ಆ ಬಡಿತ ತಡೆಯುವ ಗುಣ, ಅಂದರೆ ಆಕ್ಟೇನ್, ಏರಿ ಒಳ್ಳೆಯ ಪೆಟ್ರೋಲ್ ಆಗುತ್ತದೆ. ಆ ಗುಳಿಗೆಯೇ ಕ್ಯಾಟಲಿಸ್ಟ್. ಅದರಲ್ಲಿ ಪ್ಲಾಟಿನಂ ಇದೆ ಎಂದೆ. "ಒಂದ್ ಹಿಡಿ ತರಬಾರದಿತ್ತಾ?" ಎಂದಳು. ಗಂಧಕ ಅದಕ್ಕೆ ವಿಷ, ಮುಂಚೆಯೇ ತೆಗೆದು ಕಳಿಸಬೇಕು. ನೀರೂ ಆಗದು. ನೀರಿನಂಶ ಬಂದರೆ ಗುಳಿಗೆಗೆ ಕಸುವು ಕೊಡುವ ಕ್ಲೋರೈಡ್ ತೊಳೆದುಹೋಗುತ್ತದೆ. ಹೋದಷ್ಟನ್ನು ಸಣ್ಣ ಪಂಪಿನಿಂದ ಹನಿಹನಿಯಾಗಿ ವಾಪಸು ಕೊಡಬೇಕು. ಎಷ್ಟು ಹನಿ ಎನ್ನುವುದರಲ್ಲೇ ಮನುಷ್ಯನ ಯೋಗ್ಯತೆ ಇರುವುದು ಎನ್ನುವಷ್ಟರಲ್ಲಿ ನಿನ್ನ ಅತ್ತೆ ಕೂತಲ್ಲೇ ನಿದ್ದೆ ಹೋಗಿದ್ದಳು.

ಈಗ ಕೇಳಿದ್ದಕ್ಕೆ ಉತ್ತರ ಕೊಡು. ನಾಫ್ತಾವನ್ನು ನನ್ನ ಟ್ಯಾಂಕಿನಲ್ಲಿ ಇಡದೆ, ಬಿಸಿಬಿಸಿಯಾಗಿ ನೇರ ಯೂನಿಟ್ಟಿಗೇ ತರುತ್ತಿದ್ದಾರಂತೆ ಅಳಿಯಂದಿರು? ಯಾರನ್ನು ಕೇಳಿ ಮಾಡಿದರು? ಆಕ್ಟೇನ್ ಈಗ ಎಷ್ಟು ಬರುತ್ತಿದೆ?

ನಿನ್ನ ಅಪ್ಪ


ಮಾರ್ಚ್ ೨೪

ಅಪ್ಪ,

ನಿಮ್ಮ ಕುರ್ಚಿಯ ವಿಷಯ ಮೊದಲು ಮುಗಿಸುತ್ತೇನೆ. ಇವರು ಅದರಲ್ಲಿ ಕೂರುವುದಿಲ್ಲ. ಈ ಮನೆಗೆ ಬಂದಾಗಿನಿಂದ ಒಂದು ದಿನವೂ ಕೂತಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಟೀ ಕುಡಿಯುತ್ತಾರೆ. ಯಾಕೆ ಎಂದು ಕೇಳಿದರೆ "ಅದು ಅವರ್ದು" ಎನ್ನುತ್ತಾರೆ. ಒಗೆದ ಬಟ್ಟೆ ಮಡಿಸುವ ತನಕ ರಾಶಿ ಹಾಕಲು ನನಗೆ ಅನುಕೂಲವಾಗಿದೆ.

ಯೂನಿಟ್ಟಿನಲ್ಲೂ ಇದೇ ಕಥೆ. ಕಂಟ್ರೋಲ್ ರೂಮಿನಲ್ಲಿ ಇವರು ಏನೇ ಹೇಳಲಿ, ಯಾರಾದರೊಬ್ಬರು "ದೊಡ್ಡೋರು ಇದ್ದಾಗ ಹೀಗಿರ್ಲಿಲ್ಲ ಸಾರ್" ಎನ್ನುತ್ತಾರಂತೆ. ದೊಡ್ಡೋರು ಎಂದರೆ ನೀವು. ಇಲ್ಲಿದ್ದಾಗ ನಿಮ್ಮನ್ನು ಬೆನ್ನ ಹಿಂದೆ ಬೈಯುತ್ತಿದ್ದವರೂ ಈಗ ಹಾಗೆ ಹೇಳುತ್ತಾರೆ. ಇವರು ಮನೆಗೆ ಬಂದು ಬೂಟು ಬಿಚ್ಚಲು ಕೂತರೆ ಏಳುವುದೇ ಇಲ್ಲ, ಲೇಸು ಹಿಡಿದುಕೊಂಡು ನೆಲ ನೋಡುತ್ತಿರುತ್ತಾರೆ.

ಅಮ್ಮ ಇದ್ದಾಗ ಯೂನಿಟ್ಟಿಗೆ ಸವತಿ ಎಂದು ಹೆಸರಿಟ್ಟಿದ್ದಳು. ನೀವು ಊಟದ ನಡುವೆ ಎದ್ದು ಹೋದಾಗಲೆಲ್ಲ "ಹೋಗ್ಲಿ ಬಿಡು, ಸವತಿ ಕರೆದಿದಾಳೆ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಈಗ ಅದೇ ಸವತಿ ನನಗೂ ಬಂದಿದ್ದಾಳೆ, ನಗು ಬರುವುದಿಲ್ಲ.

ಟ್ಯಾಂಕಿನಲ್ಲಿಟ್ಟರೆ ನಾಫ್ತಾ ತೇವ ಎಳೆದುಕೊಳ್ಳುತ್ತದೆ, ನೇರವಾಗಿ ತಂದರೆ ಒಣಗಿರುತ್ತದೆ, ಕ್ಯಾಟಲಿಸ್ಟಿಗೆ ಒಳ್ಳೆಯದು. ಅದಕ್ಕೇ ಹಾಗೆ ಮಾಡಿದ್ದು. ಆಕ್ಟೇನ್ ಅಳೆಯುವ ಲ್ಯಾಬಿನಲ್ಲೇ ನಾನಿರುವುದರಿಂದ ನಿಮಗೆ ಸುಳ್ಳು ಹೇಳಲಾರೆ. ಅರ್ಧ ಪಾಯಿಂಟ್ ಇಳಿದಿದೆ. ಹೊಸ ಏರ್ಪಾಟಿಗೆ ಕ್ಯಾಟಲಿಸ್ಟ್ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು ಎನ್ನುತ್ತಾರೆ ಇವರು. ಅವಸರ ಮಾಡಬಾರದಂತೆ.

ನನ್ನ ಬೆನ್ನುನೋವು ಈಗ ವಾಸಿ. ನೀವು ಕೇಳಿರಲಿಲ್ಲ, ನಾನೇ ಹೇಳಿದೆ.

ನಿಮ್ಮ ಮಗಳು


ಏಪ್ರಿಲ್ ೧೮

ಪುಟ್ಟಿ,

ಅರ್ಧ ಪಾಯಿಂಟ್! ಓದಿ ನನಗೆ ದುಃಖವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಮಹಡಿಯಿಂದ ಇಳಿದು ಹೋಗಿ ಬಂಕಿನವನಿಗೆ ನಮಸ್ಕಾರ ಹೇಳಿ ಬಂದೆ, ಅಷ್ಟು ಹಗುರಾಗಿದ್ದೆ.

ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳದಿದ್ದರೆ ಹೊಟ್ಟೆ ಒಡೆದುಕೊಳ್ಳುತ್ತದೆ. ನಮ್ಮ ಬೆಕ್ಕು ಇಲ್ಲಿಗೆ ಬರುತ್ತಾನೆ. ಯಾರೆಂದು ಗೊತ್ತಲ್ಲ, ಯೂನಿಟ್ಟಿನ ಆಪರೇಟರ್. ಚಳಿಯ ದಿನ ಎಲ್ಲಿ ಬೆಚ್ಚಗಿರುತ್ತದೋ ಅಲ್ಲೇ ಸಿಗುತ್ತಾನೆಂದು ಆ ಹೆಸರಿಟ್ಟವನೇ ನಾನು. ಅವನ ಹೆಂಡತಿಯ ತವರು ಈ ಊರು. ರಜೆಯ ದಿನ ಬಂದು ನನ್ನ ಮುಂದೆ ಕೂತು, ಕಿವಿಗೆ ಬಾಯಿಟ್ಟು ಯೂನಿಟ್ಟಿನ ಸುದ್ದಿಯನ್ನೆಲ್ಲ ಕೂಗುತ್ತಾನೆ. ಹೈಡ್ರೋಜನ್ ಎಷ್ಟು, ಶಾಖ ಎಷ್ಟು, ಎಲ್ಲ. ಬಂಕಿನ ಹುಡುಗರಿಗೂ ಈಗ ಬಾಯಿಪಾಠ ಬಂದಿರಬೇಕು.

ಎರಡು ವಾರದ ಹಿಂದೆ ಬಂದವನು "ಏನ್ ಮಾಡೋದು ದೊಡ್ಡೋರೇ, ಆಕ್ಟೇನ್ ಏಳ್ತಾನೇ ಇಲ್ಲ" ಎಂದ. ನಾನು ಹೇಳಿದೆ, "ಒಂದು ಹನಿ ಹೆಚ್ಚು ಕೊಡು." ಕ್ಲೋರೈಡ್ ಪಂಪಿನ ನಾಬನ್ನು ಕೂದಲೆಳೆಯಷ್ಟು ತಿರುಗಿಸು, ಶಿಫ್ಟ್ ಬಿಡುವಾಗ ಹಿಂದಕ್ಕೆ ತಂದುಬಿಡು, ಯಾರಿಗೂ ಹೇಳಬೇಡ. ನಾನು ಯಾವಾಗಲೂ ಪುಸ್ತಕಕ್ಕಿಂತ ಒಂದು ಹನಿ ಹೆಚ್ಚೇ ಕೊಡುತ್ತಿದ್ದೆ, ನನ್ನ ಕ್ಯಾಟಲಿಸ್ಟ್ ಒಂದು ದಿನ ಮಾತು ಮೀರಿದ್ದಿಲ್ಲ. ಮೊನ್ನೆ ಬೆಕ್ಕು ಓಡೋಡಿ ಬಂದ. ಆಕ್ಟೇನ್ ಏರಿದೆ!

ನೀನೇ ಅಳೆದಿರಬೇಕು, ಹೌದೋ ಅಲ್ಲವೋ ಹೇಳು. ಅಳಿಯಂದಿರು ತಮ್ಮದೇ ಮಹಿಮೆ ಎಂದುಕೊಂಡು ಓಡಾಡುತ್ತಿರಬಹುದು. ಓಡಾಡಲಿ, ಕಂಡವರು ಕಂಡಿದ್ದಾರೆ. ಅವರಿಗೆ ಇದನ್ನು ಹೇಳಬೇಡ. ಹೇಳಿದರೂ ಒಂದು ರೀತಿಯಲ್ಲಿ ಬೇಜಾರಿಲ್ಲ.

ನಿನ್ನ ಅಪ್ಪ


ಏಪ್ರಿಲ್ ೨೭

ಅಪ್ಪ,

ಇವತ್ತೇ ನಿಲ್ಲಿಸಿ.

ನಿಮ್ಮ ಒಂದು ಹನಿ ನಿಮ್ಮ ಕಾಲದಲ್ಲಿ ಸರಿಯಾಗಿತ್ತು. ನಿಮ್ಮ ನಾಫ್ತಾ ಟ್ಯಾಂಕಿನಿಂದ ತೇವವಾಗಿ ಬರುತ್ತಿತ್ತು, ಆ ತೇವ ನೀವು ಕೊಟ್ಟ ಹೆಚ್ಚಿನ ಹನಿಯನ್ನು ತೊಳೆದುಕೊಂಡು ಹೋಗುತ್ತಿತ್ತು. ಈಗ ಒಣ ನಾಫ್ತಾ. ತೊಳೆಯಲು ಏನೂ ಇಲ್ಲ. ಕೊಟ್ಟದ್ದೆಲ್ಲ ಗುಳಿಗೆಯ ಮೇಲೆ ಕೂರುತ್ತದೆ, ಸ್ವಲ್ಪ ದಿನ ಆಕ್ಟೇನ್ ಏರಿದ ಹಾಗೆ ಕಾಣುತ್ತದೆ. ಆಮೇಲೆ ಪೆಟ್ರೋಲ್ ಆಗಬೇಕಾದದ್ದು ಮುರಿದು ಗ್ಯಾಸ್ ಆಗುತ್ತದೆ. ಹೆಚ್ಚಾದದ್ದು ಆಮ್ಲವಾಗಿ ಗ್ಯಾಸಿನ ಜೊತೆ ಹೊರಟು ಪೈಪುಗಳನ್ನು ತಿನ್ನುತ್ತದೆ, ತಣ್ಣಗಿನ ಜಾಗಗಳಲ್ಲಿ ಬಿಳಿ ಉಪ್ಪಾಗಿ ಕಟ್ಟುತ್ತದೆ. ಗ್ಯಾಸಿನ ಸ್ಯಾಂಪಲ್‌ನಲ್ಲಿ ಆಮ್ಲ ಯಾಕೆ ಬರುತ್ತಿದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಬರೆದು ಯೂನಿಟ್ಟಿಗೆ ಕಳಿಸಿದ್ದೆ. ಕಾರಣ ನಿಮ್ಮ ಕಾಗದದಲ್ಲಿ ಸಿಕ್ಕಿತು, ಅದೂ ನೀವು ಎದೆಯುಬ್ಬಿಸಿ ಬರೆದದ್ದರಲ್ಲಿ.

ಇವರಿಗೆ ಹೇಳಿದರೆ ಬೆಕ್ಕಿನ ಕೆಲಸ ಹೋಗುತ್ತದೆ, ಅವನಿಗೆ ಮೂರು ಮಕ್ಕಳು. ಹೇಳದಿದ್ದರೆ ಲ್ಯಾಬಿನಲ್ಲಿ ಕೂತು ಕಣ್ಣಾರೆ ಕಂಡದ್ದನ್ನು ಗಂಡನಿಂದ ಮುಚ್ಚಿಟ್ಟವಳು ನಾನಾಗುತ್ತೇನೆ. ಅಡಕತ್ತರಿಯಲ್ಲಿ ಸಿಕ್ಕಿಸಿದಿರಿ ನನ್ನನ್ನು.

ನಿಮ್ಮದು ಹೊಟ್ಟೆಕಿಚ್ಚು. ನನ್ನದೂ ಕೇಳಿ. ಕಾಲೇಜು ಮುಗಿಸಿ ಬಂದಾಗ ನಾನು ಕೇಳಿದ್ದು ಯೂನಿಟ್. ನೀವು ದೊಡ್ಡ ಸಾಹೇಬರ ಹತ್ತಿರ ಹೋಗಿ "ಆ ಶಾಖದಲ್ಲಿ ಹೆಣ್ಮಕ್ಕಳು ಬೇಡ, ನನ್ನ ಮಗಳಿಗೆ ಲ್ಯಾಬ್ ಸಾಕು" ಎಂದು ಬಂದಿರಿ. ಅದೇ ವರ್ಷ ಟ್ರೇನಿಯಾಗಿ ಬಂದ ಹುಡುಗನನ್ನು ಮನೆಗೆ ಕರೆತಂದು, ಈ ಮೇಜಿನ ಮೇಲೇ ಪೈಪುಗಳ ನಕ್ಷೆ ಹರಡಿಕೊಂಡು ಸಂಜೆಯೆಲ್ಲ ಹೇಳಿಕೊಡುತ್ತಿದ್ದಿರಿ. ನಾನು ಟೀ ತಂದಿಟ್ಟು ಹೋಗುತ್ತಿದ್ದೆ. ಅವನನ್ನು ಕಂಡರೆ ಎಷ್ಟು ಉರಿಯುತ್ತಿತ್ತೆಂದರೆ, ಆ ಉರಿಯಲ್ಲೇ ದಿಟ್ಟಿಸಿ ದಿಟ್ಟಿಸಿ ಕೊನೆಗೆ ಅವನನ್ನೇ ಮದುವೆಯಾದೆ. ನೀವು ಅವರಿಗೆ ಕೊಟ್ಟು ಈಗ ವಾಪಸು ಬೇಕು ಎನ್ನುತ್ತಿದ್ದೀರಿ. ನನಗೆ ಕೇಳಿಯೂ ಸಿಗಲಿಲ್ಲ.

ನಿಲ್ಲಿಸಿದೆ ಎಂದು ಒಂದು ಸಾಲು ಬರೆಯಿರಿ. ಅಷ್ಟು ಸಾಕು, ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಮಗಳು


ಮೇ ೬

ಪುಟ್ಟಿ,

ನಿಲ್ಲಿಸಿದೆ.

ನೀನು ಕೇಳಿದ ಸಾಲು ಮೇಲಿದೆ. ಕೆಳಗಿನದು ನನ್ನದು.

ಮಗಳೇ ಅಪ್ಪನಿಗೆ ಕ್ಲೋರೈಡ್ ಪಾಠ ಹೇಳುವ ದಿನ ಬಂತು. ನಿನ್ನ ಕಾಗದದ ತುಂಬ ಇವರು, ಇವರಿಗೆ, ಇವರ. ಚಿಕ್ಕಂದಿನಲ್ಲಿ ನಾನು ಶಿಫ್ಟ್ ಮುಗಿಸಿ ಬಂದರೆ ನೀನು ನನ್ನ ಹೆಲ್ಮೆಟ್ ತಲೆಗೆ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಿದ್ದೆ. ಆಗ ನೀನು ಯಾರ ಕಡೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ಬರೆದೇ ಬಿಟ್ಟೆ, ಏನು ಮಾಡುತ್ತೀಯ? ಬೆಳಗ್ಗೆ ಎದ್ದು ಕೈಗೆ ಕೆಲಸವಿಲ್ಲದೆ ಕೂತವನಿಗೆ, ತನ್ನ ಕೆಲಸವನ್ನು ಇನ್ನೊಬ್ಬ ಮಾಡುತ್ತಿದ್ದಾನೆ ಎನ್ನುವುದೇ ಸಾಲದೆ, ಚೆನ್ನಾಗಿಯೂ ಮಾಡುತ್ತಿದ್ದಾನೆ ಎಂದು ಯಾರಾದರೂ ಹೇಳಿದರೆ ಹೇಗಿರುತ್ತದೆ? ಅವನು ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಕೆಟ್ಟವನಲ್ಲ. ಅದೇ ಸಂಕಟ.

ನಿನ್ನ ಬೆನ್ನು ಈಗ ಹೇಗಿದೆ?

ಅಪ್ಪ


ಜೂನ್ ೧೯

ಅಪ್ಪ,

ಯೂನಿಟ್ ನಿಂತಿದೆ. ಬೆಕ್ಕಿನಿಂದ ನಿಮಗೆ ತಿಳಿದಿರಲಾರದು, ಯಾಕೆಂದರೆ ಅವನನ್ನು ಕೆಲಸಕ್ಕೆ ಬರಬೇಡ ಎಂದು ಮನೆಯಲ್ಲಿ ಕೂರಿಸಿದ್ದಾರೆ. ಅವನು ತಲೆ ಎತ್ತಿ ಓಡಾಡುತ್ತಿಲ್ಲ.

ಕಳೆದ ವಾರ ಒಂದು ಮಧ್ಯಾಹ್ನ ಗ್ಯಾಸನ್ನು ತಳ್ಳುವ ಕಂಪ್ರೆಸರ್ ನಿಂತುಹೋಯಿತು. ಅದರ ವಾಲ್ವುಗಳ ತುಂಬ ಬಿಳಿ ಉಪ್ಪು. ಗ್ಯಾಸ್ ಹರಿಯುವುದು ನಿಂತಿತು, ಕುಲುಮೆ ಮಾತ್ರ ಕಾಯುತ್ತಲೇ ಇತ್ತು. ಅದನ್ನು ಆರಿಸುವಷ್ಟರಲ್ಲಿ ಕ್ಯಾಟಲಿಸ್ಟ್ ಒಳಗೇ ಸೀದುಹೋಯಿತು. ಚಿಮಣಿಯ ಬೆಂಕಿ ಎಷ್ಟು ಮೇಲಕ್ಕೆ ಹೋಯಿತೆಂದರೆ ಸ್ಕೂಲಿನ ಮಕ್ಕಳೆಲ್ಲ ಬೀದಿಗೆ ಬಂದು ನೋಡಿದರು. ಯಾರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ. ಬರೀ ಕರಕಾಗಿದ್ದರೆ ಸುಟ್ಟು ತೆಗೆದು ಮತ್ತೆ ಬಳಸಬಹುದಿತ್ತು. ಆಮ್ಲ ತಿಂದ ಪೈಪುಗಳ ತುಕ್ಕೂ ಬಂದು ಅದರ ಮೇಲೆ ಕೂತಿದೆ. ತುಕ್ಕನ್ನು ತೆಗೆಯಲಾಗುವುದಿಲ್ಲ. ಇಡೀ ಕ್ಯಾಟಲಿಸ್ಟ್ ಹೋಯಿತು ಅಪ್ಪ.

ನೀವು ನಿಲ್ಲಿಸಿದೆ ಎಂದು ಬರೆದಿರಿ. ನಾನು ನಂಬಿದೆ. ಆಮೇಲೂ ಗ್ಯಾಸಿನಲ್ಲಿ ಆಮ್ಲ ಬಂದಾಗ, ಹಳೆಯದು ಉಳಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಿಚಾರಣೆ ಕೂತಿದೆ. ಆ ಮಧ್ಯಾಹ್ನ ಬೆಕ್ಕಿನ ಶಿಫ್ಟ್, ಪಂಪಿನ ನಾಬ್ ತಿರುಗಿದ್ದು ಎಲ್ಲರ ಕಣ್ಣಿಗೂ ಬಿತ್ತು. ಬೆಕ್ಕು "ಹೇಳಿದಂಗೆ ಮಾಡ್ದೆ ಸಾರ್" ಎನ್ನುತ್ತಾನೆ. ಹೇಳಿದವರು ಯಾರು ಎಂದರೆ ಬಾಯಿ ಬಿಡುವುದಿಲ್ಲ. ನಿಮ್ಮ ಮೇಲಿನ ಭಕ್ತಿ. ಆಪರೇಟರಿಗೆ ಹೇಳಬೇಕಾದವರು ಯೂನಿಟ್ಟಿನ ಎಂಜಿನಿಯರ್, ಹಾಗಾಗಿ ಎಲ್ಲ ಇವರ ತಲೆಗೆ ಬರುತ್ತಿದೆ. ಕೆಲಸ ಹೋಗಬಹುದು. ಇಂಥ ಮಸಿ ಬಳಿದುಕೊಂಡವರನ್ನು ಬೇರೆ ಯಾವ ಕಾರ್ಖಾನೆಯೂ ಹತ್ತಿರ ಸೇರಿಸುವುದಿಲ್ಲ.

ನನಗೆ ಏಪ್ರಿಲ್‌ನಿಂದ ಗೊತ್ತಿತ್ತು ಎಂದು ನಾಳೆ ನಾನು ಹೇಳುತ್ತೇನೆ. ಆದರೆ ಗಂಡನನ್ನು ಉಳಿಸಿಕೊಳ್ಳಲು ಅಪ್ಪನ ಮೇಲೆ ಹಾಕುತ್ತಿದ್ದಾಳೆ ಎಂದೇ ಅಂದುಕೊಳ್ಳುತ್ತಾರೆ. ನೀವೇ ಬಂದು ಹೇಳಬೇಕು. ನಾನು ನಿಮ್ಮನ್ನು ಬೇರೇನೂ ಕೇಳುವುದಿಲ್ಲ.

ಮಗಳು


ಜೂನ್ ೨೫

ಪುಟ್ಟಿ,

ಕೂತು ಬರೆಯುತ್ತೇನೆ, ಹರಿಯುತ್ತೇನೆ. ಇದು ಎಷ್ಟನೆಯದೋ.

ನಾನು ಬಂದು ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ್ದೀಯಾ? ಮನೆ ಹೋಯಿತು, ಕೆಲಸ ಹೋಯಿತು, ಕಿವಿ ಹೋಯಿತು. ಆ ಗೇಟಿನ ಒಳಗೆ ದೊಡ್ಡೋರು ಎಂದು ಒಂದು ಹೆಸರಿದೆ, ನನ್ನ ಹತ್ತಿರ ಉಳಿದಿರುವುದು ಅದೊಂದೇ. ಅದನ್ನೂ ತಂದು ಅವನ ಕಾಲಬುಡದಲ್ಲಿ ಹಾಕು ಎನ್ನುತ್ತೀಯ. ಹಾವೂ ಸಾಯದೆ ಕೋಲೂ ಮುರಿಯದೆ ಏನಾದರೂ ದಾರಿ ಇದ್ದೀತು. ಬೆಕ್ಕು ತಪ್ಪು ತಿಳಿದುಕೊಂಡ ಎನ್ನಬಹುದು. ಮುದುಕ ಹಳೆಯ ನೆನಪು ಹೇಳಿದ, ಅವನು ಅಪ್ಪಣೆ ಎಂದುಕೊಂಡ ಎನ್ನಬಹುದು. ನಾನಂತೂ ಮ

ಪುಟ್ಟಿ, ನಾನು ನಿನ್ನ ಅತ್ತೆ. ನಿಮ್ಮಪ್ಪ ಪೆನ್ನು ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಿದ್ದಾನೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಅವನು ನಿಲ್ಲಿಸಿರಲಿಲ್ಲ ಮಗಾ. ಮೇ ತಿಂಗಳಲ್ಲಿ ಆ ಬೆಕ್ಕು ಬಂದು "ಸಾಕಾ ದೊಡ್ಡೋರೇ, ನಿಲ್ಲಿಸ್ಲಾ?" ಎಂದು ಕೂಗಿದ್ದು ನನಗೆ ಕೆಳಗೆ ಕೇಳಿಸಿತು. "ನಡೀಲಿ, ನಡೀಲಿ" ಎಂದು ಇವನು ಕೂಗಿದ್ದೂ ಕೇಳಿಸಿತು. ಕಿವುಡರ ಗುಟ್ಟು ಬೀದಿಗೆಲ್ಲ ಗೊತ್ತು. ಈಗ ಊಟ ಬಿಟ್ಟು ಕೂತಿದ್ದಾನೆ. ನಾನು ಕಿವಿಗೆ ಬಾಯಿಟ್ಟು ಹೇಳಿದ್ದೇನೆ, "ಹೆಸರು ಇಟ್ಕೊಂಡು ಏನ್ ಮಾಡ್ತೀಯಾ ಅಣ್ಣ, ನೆಕ್ತೀಯಾ?" ಬಸ್ಸಿಗೆ ಹತ್ತಿಸುವುದು ನನ್ನ ಜವಾಬ್ದಾರಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ


ಜುಲೈ ೮

ಮಾವನವರಿಗೆ ನಮಸ್ಕಾರಗಳು.

ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ವಿಚಾರಣೆಯ ದಿನದಿಂದಲೇ ಶುರು ಮಾಡುತ್ತೇನೆ.

ಅಧ್ಯಕ್ಷರದು ಮೆಲುದನಿ. ಅವರು ಕೇಳಿದ್ದು ನಿಮಗೆ ಕೇಳಿಸಲಿಲ್ಲ. ಎರಡು ಸಲ ಕೇಳಿ ಸುತ್ತಲೂ ನೋಡಿದರು. ನಿಮ್ಮ ಪಕ್ಕದ ಕುರ್ಚಿಯಲ್ಲಿದ್ದವನು ನಾನು. ಹಾಗಾಗಿ ಆರೋಪ ಹೊತ್ತವನೇ ಪ್ರಶ್ನೆಯನ್ನು ನಿಮ್ಮ ಕಿವಿಯಲ್ಲಿ ಕೂಗಬೇಕಾಯಿತು. "ಹೆಚ್ಚು ಹಾಕು ಅಂದಿದ್ದು ಯಾರು ಅಂತ ಕೇಳ್ತಿದಾರೆ!" ನೀವು ನನ್ನ ಮುಖ ನೋಡಿದಿರಿ. ಆಮೇಲೆ ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ, ಹೊರಗೆ ನಿಂತಿದ್ದ ಆಪರೇಟರುಗಳಿಗೆಲ್ಲ ಕೇಳಿಸುವ ಹಾಗೆ, "ನಾನೇ. ಇವನಿಗೆ ಗೊತ್ತಿರ್ಲಿಲ್ಲ" ಎಂದಿರಿ. ನೀವು ಹೊರಗೆ ಬಂದಾಗ ಅವರೆಲ್ಲ ಎಂದಿನಂತೆ ಎದ್ದು ನಿಂತರು. ಆದರೆ ಯಾರೂ ನಿಮ್ಮನ್ನು ನೋಡಲಿಲ್ಲ. ನೀವು ಗೇಟಿನ ತನಕ ಒಬ್ಬರೇ ನಡೆದು ಹೋದಿರಿ.

"ಇವನಿಗೆ ಗೊತ್ತಿರ್ಲಿಲ್ಲ" ಎಂದಿರಲ್ಲ, ಅದು ತಪ್ಪು. ಅದನ್ನು ತಿದ್ದಲು ಈ ಕಾಗದ.

ಮೇ ತಿಂಗಳಲ್ಲೇ ನನಗೆ ಗೊತ್ತಾಗಿತ್ತು. ಒಬ್ಬನ ಶಿಫ್ಟಿನಲ್ಲಿ ಮಾತ್ರ ಗ್ಯಾಸ್ ಹೆಚ್ಚು, ಪೆಟ್ರೋಲ್ ಕಡಿಮೆ. ಲ್ಯಾಬಿನಿಂದ ಪುಟ್ಟಿ ಕಳಿಸುತ್ತಿದ್ದ ಆಮ್ಲದ ಲೆಕ್ಕವೂ ಮೇಜಿನ ಮೇಲಿತ್ತು. ಒಂದು ದಿನ ಅವನ ಶಿಫ್ಟಿನ ನಡುವೆ ಹೋಗಿ ಪಂಪಿನ ನಾಬ್ ನೋಡಿದೆ. ತಿರುಗಿತ್ತು. ಇದು ಯಾರ ಕೈವಾಡ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಆ ಒಂದು ಹನಿಯ ಪಾಠವನ್ನು ನಾನೂ ನಿಮ್ಮಿಂದಲೇ ಕಲಿತವನು. ಹಿಂದಕ್ಕೆ ತಿರುಗಿಸಲು ಕೈ ಹಾಕಿದೆ. ಹಾಕಿದ ಕೈಯನ್ನು ತೆಗೆದುಬಿಟ್ಟೆ.

ಯಾಕೆಂದು ಹೇಳುತ್ತೇನೆ. ಆ ಕಂಟ್ರೋಲ್ ರೂಮಿನಲ್ಲಿ ನಾನು ಏನೇ ಮಾಡಿದರೂ ಅದು ನಿಮ್ಮದಾಗುತ್ತಿತ್ತು, ಕೆಟ್ಟರೆ ಮಾತ್ರ ನನ್ನದಾಗುತ್ತಿತ್ತು. ಮನೆಗೆ ಬಂದರೆ ನಿಮ್ಮ ಕಾಗದ ಓದುತ್ತಾ ಪುಟ್ಟಿ ತನ್ನಷ್ಟಕ್ಕೆ ನಗುತ್ತಿದ್ದಳು. ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಉಪ್ಪು ಕಟ್ಟಲಿ, ಒಂದು ಸಲ ಕೆಡಲಿ, ದೊಡ್ಡೋರಿಂದಲೇ ಕೆಟ್ಟಿತು ಎಂದು ಎಲ್ಲರೂ ಕಣ್ಣಾರೆ ನೋಡಲಿ ಎಂದು ಕಾದೆ. ಆಮೇಲೆ ತೊಳೆದು ಸರಿಮಾಡಿಕೊಳ್ಳಬಹುದು ಎಂದುಕೊಂಡಿದ್ದೆ. ಕಂಪ್ರೆಸರ್ ನಿಲ್ಲುತ್ತದೆ ಎಂದು ನೆನೆಸಿರಲಿಲ್ಲ. ನೀವು ಒಳ್ಳೆಯದಾಗುತ್ತದೆಂದು ನಂಬಿ ಮಾಡಿದಿರಿ. ನಾನು ಗೊತ್ತಿದ್ದೂ ಬಿಟ್ಟೆ.

ನೀವು ಹೊರಟುಹೋದ ಮೇಲೆ ಅಧ್ಯಕ್ಷರಿಗೆ ಇದನ್ನೆಲ್ಲ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ, ಯೂನಿಟ್ಟಿನಿಂದ ತೆಗೆದಿದ್ದಾರೆ. ಟ್ಯಾಂಕುಗಳ ಅಂಗಳಕ್ಕೆ ಹಾಕಿದ್ದಾರೆ. ಟ್ಯಾಂಕು ಬೇಡ ಎಂದವನಿಗೆ ಈಗ ಟ್ಯಾಂಕೇ ಗತಿ.

ಈ ಕಾಗದವನ್ನು ಪುಟ್ಟಿಗೆ ಓದಲು ಕೊಟ್ಟೇ ಅಂಚೆಗೆ ಹಾಕುತ್ತಿದ್ದೇನೆ. ಓದಿ ಅವಳೇ ಮಡಿಸಿ ಲಕೋಟೆ ಅಂಟಿಸಿದಳು.

ನಿಮ್ಮ ಅಳಿಯ


ಸೆಪ್ಟೆಂಬರ್ ೧೫

ಅಪ್ಪ,

ಮೂರು ತಿಂಗಳಿಂದ ನಾನು ಬರೆದಿಲ್ಲ. ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಮನೆಯಲ್ಲಿ ಇವರ ಜೊತೆಗೂ ಎಷ್ಟು ಬೇಕೋ ಅಷ್ಟೇ ಮಾತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಮಾವ ಅಳಿಯನ ಜಗಳದಲ್ಲಿ ಕ್ಯಾಟಲಿಸ್ಟ್ ಬಡವಾಯಿತು. ನಾನೂ ಆದೆ, ಅದನ್ನು ನಿಮ್ಮಿಬ್ಬರಲ್ಲಿ ಯಾರೂ ಗಮನಿಸಿರಲಿಕ್ಕಿಲ್ಲ. ಗೊತ್ತಿದ್ದೂ ಸುಮ್ಮನಿದ್ದುದಕ್ಕೆ ನನಗೂ ಒಂದು ಎಚ್ಚರಿಕೆ ಬಂತು. ಬರಬೇಕಾದದ್ದೇ, ತಲೆಬಾಗಿ ತೆಗೆದುಕೊಂಡೆ. ಬೆಕ್ಕು ವಾಪಸು ಕೆಲಸಕ್ಕೆ ಬಂದಿದ್ದಾನೆ. ಈಗ ಬೆಚ್ಚಗಿನ ಜಾಗ ಹುಡುಕುವುದನ್ನು ಬಿಟ್ಟಿದ್ದಾನೆ.

ಹೊಸ ಎಂಜಿನಿಯರ್ ಬರುವುದು ವರ್ಷದ ಕೊನೆಗೆ. ಅಲ್ಲಿಯವರೆಗೆ ಹೊಸ ಕ್ಯಾಟಲಿಸ್ಟನ್ನು ತುಂಬಿಸಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ದೊಡ್ಡ ಸಾಹೇಬರು ನನ್ನನ್ನು ಕರೆಸಿ "ನೋಡಮ್ಮ, ಅಲ್ಲಿ ಅರ್ಧ ಜನ ನಿಮ್ಮಪ್ಪನ ಕಡೆ, ಅರ್ಧ ಜನ ನಿನ್ನ ಗಂಡನ ಕಡೆ. ಇಬ್ಬರನ್ನೂ ಬೈಯೋ ಧೈರ್ಯ ಇರೋಳು ನೀನೊಬ್ಳೇ" ಎಂದರು. ನಾನು ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ. ಅಲ್ಲೇ ಒಪ್ಪಿಕೊಂಡೆ.

ಸುದ್ದಿ ತಿಳಿದ ವಾರದಲ್ಲೇ ನಿಮ್ಮಿಂದ ಹೇಗೆ ತುಂಬಬೇಕೆಂದು ನಾಲ್ಕು ಹಾಳೆ ಬಂತು. ಆ ಸಂಜೆಯೇ ಇವರೂ ಸ್ಟೂಲಿನ ಮೇಲೆ ಕೂತು ಎರಡು ಹಾಳೆ ಬರೆದುಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದಕ್ಕೊಂದು ತಾಳೆಯಾಗುವ ಮಾತು ಒಂದೇ ಒಂದು. ಪುಟ್ಟಿ ರಿಯಾಕ್ಟರಿನ ತುದಿಗೆ ಹತ್ತುವುದು ಬೇಡ, ಯಾರಿಗಾದರೂ ಹೇಳಿ ಮಾಡಿಸಲಿ ಎಂದು ನೀವೂ ಬರೆದಿದ್ದೀರಿ, ಇವರೂ ಬರೆದಿದ್ದಾರೆ. ಮಾವ ಅಳಿಯ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು.

ಹತ್ತಿದೆ. ಹಳೆಯದನ್ನು ತೆಗೆಯುವಾಗ ಹತ್ತಿದೆ, ಹೊಸದನ್ನು ತುಂಬುವಾಗಲೂ ಹತ್ತಿದೆ. ನಿಮ್ಮ ಗುಳಿಗೆಗಳು ಒಂದಕ್ಕೊಂದು ಅಂಟಿ ಬಂಡೆಯಾಗಿದ್ದವು, ಸಲಾಕೆಯಿಂದ ಒಡೆಯಬೇಕಾಯಿತು. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು, ಯಾರ ಮೇಲಿನ ಸಿಟ್ಟಿಗೋ ಗೊತ್ತಿಲ್ಲ. ಹೊಸದನ್ನು ತುಂಬಿದ್ದು ಒಣ ಹವೆಯ ದಿನಗಳಲ್ಲಿ, ನಿಧಾನವಾಗಿ, ಎಲ್ಲೂ ಗುಡ್ಡೆಯಾಗದ ಹಾಗೆ. ಕೆಳಗೆ ನಿಂತವರು ಮೊದಲು "ಮೇಡಂ, ದೊಡ್ಡೋರು ಇದ್ದಾಗ" ಎಂದು ಶುರುಮಾಡಿದರು. ನಾನು ಮೇಲಿನಿಂದಲೇ "ಅವರು ಮಾಡಿದ್ದೂ ನನಗೆ ಗೊತ್ತು, ಆಮೇಲಿನೋರು ಮಾಡಿದ್ದೂ ಗೊತ್ತು. ಮುಂದಿನ ಡ್ರಮ್ ಕಳಿಸಿ" ಎಂದೆ. ಕಳಿಸಿದರು.

ಯೂನಿಟ್ ಶುರುವಾಗಿ ಹತ್ತು ದಿನವಾಯಿತು. ಪಂಪಿನ ನಾಬಿಗೆ ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಹತ್ತಿರ ಇದೆ.

ನಿನ್ನೆ ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ, ಬಹಳ ಸಾಮಾನ್ಯದ ಮಾತು ಎನ್ನುವ ಹಾಗೆ, "ಆಕ್ಟೇನ್ ಎಷ್ಟು ಬರ್ತಿದೆ?" ಎಂದು ಕೇಳಿದರು. ಟ್ಯಾಂಕುಗಳ ಅಂಗಳದಲ್ಲಿ ಅದು ಗೊತ್ತಾಗುವುದಿಲ್ಲ ಪಾಪ. ನಾನು "ಚೆನ್ನಾಗಿದೆ" ಎಂದೆ. ಚೆನ್ನಾಗಿ ಅಂದರೆ ಎಷ್ಟು ಎಂದರು. ಚೆನ್ನಾಗಿ ಅಂದರೆ ಚೆನ್ನಾಗಿ ಎಂದೆ. ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತರು. ಇವತ್ತು ಬಂದ ನಿಮ್ಮ ಕಾಗದದ ಕೊನೆಯಲ್ಲೂ ಅದೇ ಪ್ರಶ್ನೆ ಇದೆ, ಎರಡು ಗೆರೆ ಎಳೆದು ಕೇಳಿದ್ದೀರಿ. ನಿಮಗೂ ಅಷ್ಟೇ ಉತ್ತರ. ಚೆನ್ನಾಗಿದೆ.

ನಿಮ್ಮಿಬ್ಬರಿಗೂ ಈಗ ಹೊಟ್ಟೆಕಿಚ್ಚಾಗುತ್ತಿರಬೇಕು. ಆಗಲಿ. ಟೀ ತಂದಿಟ್ಟು ಒಳಗೆ ಹೋಗುತ್ತಿದ್ದ ವರ್ಷಗಳಲ್ಲೆಲ್ಲ ನನಗೂ ಆಗಿದೆ, ಅದರಿಂದ ಯಾರೂ ಸಾಯುವುದಿಲ್ಲ. ನೀವು ಅವರಿಗೆ ಬರೆಯಿರಿ, ಅವರು ನಿಮಗೆ ಬರೆಯಲಿ, ಎಷ್ಟಿರಬಹುದು ಎಂದು ಇಬ್ಬರೂ ಕೂತು ಊಹಿಸಿ. ನನಗೆ ಶಿಫ್ಟ್ ಶುರುವಾಗುವ ಹೊತ್ತಾಯಿತು.

ನಿಮ್ಮ ಮಗಳು
ಕಂಟ್ರೋಲ್ ರೂಮಿನಿಂದ